ಮೇಲಿನ ಕೋರೆಹಲ್ಲು ಒಳಗೇ ಉಳಿದಿದ್ದರೆ: ಆಪರೇಷನ್ ಚಿಕ್ಕದು, ಆಮೇಲಿನ ಓಡಾಟ ಮುಖ್ಯ

ಅಣ್ಣಾ, ಅಡಿಕೆ ಬೆಳೆಗಾರರ ಗುಂಪಲ್ಲಿ ಹಲ್ಲಿನ ವಿಷಯ ಕೇಳಿದ್ದಕ್ಕೆ ಸಂಕೋಚ ಬೇಡ. 13 ವರ್ಷದ ಮಗಳಿಗೆ ಮೇಲಿನ ಕೋರೆಹಲ್ಲು ಅಂಗುಳಿನ ಕಡೆ ಹೂತುಕೊಂಡಿದೆ, ಕ್ಲಿಪ್‌ಗೆ ಮೊದಲು ಸಣ್ಣ ಆಪರೇಷನ್ ಬೇಕಂತೆ, ಕೊಯ್ಲು ಮುಗಿಯೋವರೆಗೆ ತಡೆಯಬಹುದಾ ಅಂದ್ರಿ. ನಮ್ಮ ಮಗನಿಗೂ ಇದನ್ನೇ ಮಾಡಿಸಿದ್ದೇವೆ.

ತಡೆಯಬಹುದಾ ಅನ್ನೋದನ್ನ ಎಕ್ಸ್‌ರೇ ಹೇಳಬೇಕು. ಈ ಹಲ್ಲು ಸಾಮಾನ್ಯವಾಗಿ 11–12ಕ್ಕೆ ಹೊರಗೆ ಬರಬೇಕು. ದಾರಿ ತಪ್ಪಿದ್ದು ಪಕ್ಕದ ಬಾಚಿಹಲ್ಲಿನ ಬೇರಿಗೆ ತಾಗಿದರೆ ಆ ಬೇರು ಕರಗಬಹುದು, ಹೆಚ್ಚಾಗಿ ನೋವೂ ಇರಲ್ಲ, ಗೊತ್ತೂ ಆಗಲ್ಲ. ಅದಕ್ಕೇ "ಪಕ್ಕದ ಬೇರು ಹೇಗಿದೆ?" ಅಂತ ನೇರವಾಗಿ ಕೇಳಿ. ಸಿಬಿಸಿಟಿ ಸ್ಕ್ಯಾನ್ (ಎಲ್ಲ ಕಡೆಯಿಂದ ತೋರಿಸೋ 3ಡಿ ಎಕ್ಸ್‌ರೇ) ಹೇಳಿದರೆ ಸುಮ್ಮನೆ ಖರ್ಚು ಅಂದುಕೊಳ್ಳಬೇಡಿ, ಹಲ್ಲು ಯಾವ ಕಡೆ ವಾಲಿದೆ ಅಂತ ಸ್ಪಷ್ಟವಾಗಿ ಕಾಣೋದು ಅದರಲ್ಲೇ.

ಆಪರೇಷನ್‌ಗೆ ಹೆಚ್ಚಿನ ಮಕ್ಕಳಿಗೆ ಮರಗಟ್ಟೋ ಇಂಜೆಕ್ಷನ್ ಸಾಕು. ಒಸಡು ಬಿಡಿಸಿ, ಹಲ್ಲಿಗೆ ಸಣ್ಣ ಗುಂಡಿಯಂಥದ್ದು ಅಂಟಿಸಿ, ಅದಕ್ಕೆ ತೆಳು ಚೈನು ಕಟ್ಟಿ ಹೊಲಿಗೆ ಹಾಕ್ತಾರೆ. ಕೆಲವರಿಗೆ ಮೊದಲು ಕ್ಲಿಪ್ ಹಾಕಿ ಜಾಗ ಮಾಡಿಕೊಂಡು ಆಮೇಲೆ ಇದನ್ನ ಮಾಡ್ತಾರೆ. ಚೈನನ್ನ ಯಾವಾಗಿಂದ ಎಳೀತಾರೆ ಅಂತ ಕ್ಲಿಪ್ ಡಾಕ್ಟರೂ ಸರ್ಜನ್ನೂ ಮೊದಲೇ ಮಾತಾಡಿಕೊಂಡಿರಲಿ.

ನನ್ನ ಕಳಕಳಿ ಇರೋದೇ ಇಲ್ಲಿ. ಹಲ್ಲನ್ನ ಬಹಳ ನಿಧಾನವಾಗಿ ಎಳೀಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ, ಎಷ್ಟೋ ಸಲ ವರ್ಷ ದಾಟುತ್ತೆ. ಕೊಯ್ಲು, ಸುಲಿತ, ಬೇಯಿಸೋದು ಅಂತ ಆ ಭೇಟಿಗಳನ್ನ ತಪ್ಪಿಸಿದರೆ ಮಗು ಪಟ್ಟ ಕಷ್ಟ ದಂಡ. ಕರೆದುಕೊಂಡು ಹೋಗೋರು ಯಾರು ಅಂತ ಮನೇಲಿ ಈಗಲೇ ಗೊತ್ತುಮಾಡಿ. ಚೈನು ಕಿತ್ತು ಬಂದರೆ ಮುಂದಿನ ತಾರೀಕಿಗೆ ಕಾಯದೆ ಫೋನ್ ಮಾಡಿ.

ಉಬ್ಬಸ, ರಕ್ತ ನಿಲ್ಲದ ತೊಂದರೆ, ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಿ. ಪ್ರಜ್ಞೆ ತಪ್ಪಿಸಲ್ಲ ಅಂದಿದ್ದರೆ ತಿಂಡಿ ತಿನ್ನಿಸಿಯೇ ಕರೆದುಕೊಂಡು ಹೋಗಿ. ಮೊದಲ ದಿನ ಉಗುಳೋದು, ಸ್ಟ್ರಾದಲ್ಲಿ ಕುಡಿಯೋದು ಬೇಡ. ತಣ್ಣಗಿನ ಗಂಜಿ, ಮೊಸರನ್ನ ಕೊಡಿ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಜೋರಾಗಿ ಮುಕ್ಕಳಿಸದೆ. ಊತ ಎರಡು-ಮೂರನೇ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುತ್ತೆ. ಇಳಿಯದೆ ಏರುತ್ತಾ ಹೋದರೆ, ಜ್ವರ ಬಂದರೆ, ಬಾಯಿ ತೆರೆಯೋಕಾಗದಿದ್ದರೆ ತಕ್ಷಣ ತೋರಿಸಿ.

ಖರ್ಚಿನ ಚಿಂತೆ ಇದ್ದರೆ ದಾವಣಗೆರೆ, ಧಾರವಾಡ, ಮಣಿಪಾಲದ ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ. ಕ್ಲಿಪ್ ವಿಭಾಗ, ಸರ್ಜರಿ ವಿಭಾಗ ಎರಡೂ ಒಂದೇ ಕಡೆ ಇರೋದರಿಂದ ಒಂದೇ ಓಡಾಟದಲ್ಲಿ ಇಬ್ಬರನ್ನೂ ಕಾಣಬಹುದು.