ಅಫ್ಘಾನಿಸ್ತಾನದ ಯುದ್ಧ ಮುಗಿಸಿದ್ದರ ಬಗ್ಗೆ ಇಲ್ಲಿನ ಜನ ಏನಂತಾರೆ? ಫ್ರೀಮಾಂಟ್‌ಗೆ ಹೊಸದಾಗಿ ಬಂದವರಿಗೆ ಉತ್ತರ

ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಪೆಟ್ಟಿಗೆ ಬಿಚ್ಚುವ ಮೊದಲೇ ದೊಡ್ಡ ಪ್ರಶ್ನೆ ಕೇಳಿದ್ದೀರಿ. ನಿಮ್ಮ ಪಕ್ಕದ ಮನೆಯ ಹಿರಿಯರು ಕಾಬೂಲಿನವರು. ನಿಮ್ಮ ಮ್ಯಾನೇಜರ್ ಹಿಂದೆ ಮಿಲಿಟರಿಯಲ್ಲಿದ್ದು ಕಂದಹಾರ್‌ನಲ್ಲಿ ಕೆಲಸ ಮಾಡಿದವರು. ಹಿರಿಯರು "ಅಮೆರಿಕ ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟಿತು" ಅನ್ನುತ್ತಾರೆ. ಮ್ಯಾನೇಜರ್ "ಹತ್ತು ವರ್ಷ ಮುಂಚೆಯೇ ಹೊರಡಬೇಕಿತ್ತು" ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ಉಳಿದವರು ಎರಡಕ್ಕೂ ಹೌದೌದು ಅನ್ನುತ್ತಾರೆ. "ಅಣ್ಣಾ, ಯುದ್ಧ ಸಾಕು ಅಂತ ಬಹಳ ಜನ ಹೇಳುತ್ತಿದ್ದರಂತೆ. ಹಾಗಾದರೆ 2021ರಲ್ಲಿ ನಿಲ್ಲಿಸಿದಾಗ ಯಾಕೆ ಬೈದರು? ಈ ಮಾತು ಬಂದಾಗ ನಾನು ಏನು ಹೇಳಲಿ?" ಅಂತ ಕೇಳಿದ್ದೀರಿ. ಜೊತೆಗೆ ನಿಮ್ಮ ಅಮ್ಮನ ಭಯ ಬೇರೆ: ಗ್ರೀನ್ ಕಾರ್ಡ್ ಸಿಕ್ಕಿದರೆ ಹುಡುಗರನ್ನು ಮಿಲಿಟರಿಗೆ ಎಳೆದುಕೊಂಡು ಹೋಗುತ್ತಾರಾ?

ನಾನು ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನಾನು ಕಂಡುಕೊಂಡಿದ್ದು ಇಷ್ಟು. ಯುದ್ಧ ಬೇಡ ಅನ್ನುವವರು ತುಂಬಾ ಇದ್ದರು. ಆದರೆ ಅವರಲ್ಲಿ ಹೆಚ್ಚಿನವರಿಗೆ ಅದೊಂದು ದೂರದ ವಿಷಯ. ಸಮೀಕ್ಷೆಯವರು ಫೋನ್ ಮಾಡಿ ಕೇಳಿದರೆ ಬೇಡ ಅನ್ನುತ್ತಿದ್ದರು, ಫೋನ್ ಇಟ್ಟ ಮೇಲೆ ಮರೆಯುತ್ತಿದ್ದರು.

ಶುರುವಿನಲ್ಲಿ ಹಾಗಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಮೂರೇ ದಿನಕ್ಕೆ ಸಂಸತ್ತು ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಟ್ಟಿತು. ಸೆನೆಟ್‌ನಲ್ಲಿ 98 ಮತ ಪರ, ವಿರೋಧ ಸೊನ್ನೆ. ಕೆಳಮನೆಯಲ್ಲಿ 420 ಪರ, ಒಂದು ವಿರೋಧ. ಆ ಒಂದು ಮತ ನಮ್ಮ ಪಕ್ಕದ ಓಕ್ಲೆಂಡ್‌ನಿಂದ ಹೋಗಿದ್ದ ಬಾರ್ಬರಾ ಲೀ ಅವರದ್ದು. ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲಿನಲ್ಲಿ ಓಡಾಡುವ ಹಾಗಾಯಿತು ಅವರಿಗೆ. ಮರುವರ್ಷದ ಚುನಾವಣೆಯಲ್ಲಿ ಅವರ ಕ್ಷೇತ್ರದವರು ಮಾತ್ರ ಭಾರಿ ಬಹುಮತದಿಂದ ಮತ್ತೆ ಗೆಲ್ಲಿಸಿದರು. ಈಗ ಅವರೇ ಓಕ್ಲೆಂಡ್‌ನ ಮೇಯರ್. 2001ರಲ್ಲಿ ಗ್ಯಾಲಪ್ ಸಮೀಕ್ಷಾ ಸಂಸ್ಥೆ "ಅಫ್ಘಾನಿಸ್ತಾನಕ್ಕೆ ಸೈನ್ಯ ಕಳಿಸಿದ್ದು ತಪ್ಪಾ?" ಅಂತ ಕೇಳಿದಾಗ ತಪ್ಪು ಅಂದವರು ನೂರಕ್ಕೆ ಹತ್ತು ಜನವೂ ಇರಲಿಲ್ಲ.

ಆಮೇಲೆ ನಿಧಾನಕ್ಕೆ ಇಳಿಯಿತು. 2009ರ ಡಿಸೆಂಬರ್‌ನಲ್ಲಿ ಒಬಾಮಾ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಹೇಳಿದರು. ಒಟ್ಟು ಸಂಖ್ಯೆ 1 ಲಕ್ಷದ ಹತ್ತಿರ ಹೋಯಿತು. 2011ರ ಮೇ ತಿಂಗಳಲ್ಲಿ ಬಿನ್ ಲಾಡೆನ್ ಸತ್ತ. ಮರುತಿಂಗಳೇ ಪ್ಯೂ ಸಂಸ್ಥೆ ಕೇಳಿದಾಗ ಶೇ 56 ಜನ ಆದಷ್ಟು ಬೇಗ ಸೈನ್ಯ ವಾಪಸ್ ಬರಲಿ ಅಂದರು. 2014ರ ಫೆಬ್ರುವರಿಯಲ್ಲಿ ಗ್ಯಾಲಪ್‌ನ ಅದೇ ಹಳೆಯ ಪ್ರಶ್ನೆಗೆ "ತಪ್ಪು" ಅಂದವರು ಶೇ 49, "ತಪ್ಪಲ್ಲ" ಅಂದವರು ಶೇ 48. ಅಂದರೆ ಜನ ಆಗಲೇ ತಿರುಗಿದ್ದರು. ಆದರೂ ಯುದ್ಧ ಇನ್ನೂ ಏಳು ವರ್ಷ ನಡೆಯಿತು.

ಯಾಕೆ ನಡೆಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ವಿಯೆಟ್ನಾಂ ಕಾಲದಲ್ಲಿ ಇಲ್ಲಿ ಕಡ್ಡಾಯ ಸೇನಾಭರ್ತಿ ಇತ್ತು. ಇಲ್ಲಿನವರು ಡ್ರಾಫ್ಟ್ ಅನ್ನುತ್ತಾರೆ. ಯಾವ ಮನೆಯ ಹುಡುಗನಿಗಾದರೂ ಕರೆ ಬರಬಹುದಿತ್ತು. 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಕಾಲೇಜುಗಳಲ್ಲಿ ಗಲಾಟೆ ಆಯಿತು, 1970ರಲ್ಲಿ ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೈನ್ಯದವರ ಗುಂಡಿಗೆ ನಾಲ್ಕು ವಿದ್ಯಾರ್ಥಿಗಳು ಬಲಿಯಾದರು. ಆ ಸಿಟ್ಟು ಮನೆಯೊಳಗೇ ಇತ್ತು. 1973ರಲ್ಲಿ ಡ್ರಾಫ್ಟ್ ನಿಂತಿತು. ಅಲ್ಲಿಂದ ಸ್ವಂತ ಇಷ್ಟದಿಂದ ಸೇರುವವರದ್ದೇ ಸೈನ್ಯ. ಇವತ್ತು ಸೇವೆಯಲ್ಲಿರುವವರು ಜನಸಂಖ್ಯೆಯ ಶೇ 1ಕ್ಕಿಂತ ಕಡಿಮೆ. ಟೆಕ್ಸಸ್‌ನ ಕಿಲೀನ್, ನಾರ್ತ್ ಕ್ಯಾರೊಲಿನಾದ ಫಯೆಟ್‌ವಿಲ್ ಥರದ ಸೇನಾ ನೆಲೆಯ ಊರುಗಳಿಗೆ ಹೋದರೆ ಯುದ್ಧಕ್ಕೆ ಹೋಗಿ ಬಂದವರು ಬೀದಿ ಬೀದಿಯಲ್ಲೂ ಸಿಗುತ್ತಾರೆ. ನಮ್ಮ ಸಿಲಿಕಾನ್ ವ್ಯಾಲಿಯಲ್ಲಿ ಹುಡುಕಬೇಕು. ನಿಮಗೆ ಮ್ಯಾನೇಜರ್ ಆಗಿ ಒಬ್ಬರು ಸಿಕ್ಕಿರುವುದು ಅಪರೂಪವೇ.

ಯುದ್ಧಕ್ಕೆ ಅಂತ ಹೊಸ ತೆರಿಗೆಯೂ ಬರಲಿಲ್ಲ. 2001ರಲ್ಲೂ 2003ರಲ್ಲೂ ತೆರಿಗೆ ಇಳಿಸಿದರು, ಯುದ್ಧವನ್ನು ಸಾಲದಲ್ಲಿ ನಡೆಸಿದರು. ಬ್ರೌನ್ ವಿಶ್ವವಿದ್ಯಾಲಯದವರ ಲೆಕ್ಕದಲ್ಲಿ ಇದರ ಖರ್ಚು ಸುಮಾರು 2.3 ಲಕ್ಷ ಕೋಟಿ ಡಾಲರ್. ಮಗನನ್ನೂ ಕಳಿಸಬೇಕಿಲ್ಲ, ಜೇಬಿನಿಂದಲೂ ಹೋಗುವುದಿಲ್ಲ ಅಂದರೆ ಯಾರು ಬೀದಿಗೆ ಇಳಿಯುತ್ತಾರೆ ಹೇಳಿ? ಟಿವಿಯವರೂ ಮರೆತರು. 2020ರ ಇಡೀ ವರ್ಷದಲ್ಲಿ ಮೂರು ದೊಡ್ಡ ಚಾನೆಲ್‌ಗಳ ವಾರದ ದಿನಗಳ ಸಂಜೆ ವಾರ್ತೆಯಲ್ಲಿ ಅಫ್ಘಾನಿಸ್ತಾನಕ್ಕೆ ಸಿಕ್ಕಿದ್ದು ಎಲ್ಲ ಸೇರಿ 5 ನಿಮಿಷ. ಅದಕ್ಕೂ ಮೊದಲು, 2019ರ ಡಿಸೆಂಬರ್‌ನಲ್ಲಿ, ಯುದ್ಧ ಸರಿಯಾಗಿ ನಡೆಯುತ್ತಿಲ್ಲ ಅಂತ ಅಧಿಕಾರಿಗಳೇ ಒಳಗೊಳಗೆ ಹೇಳಿಕೊಂಡಿದ್ದ ಸರ್ಕಾರಿ ದಾಖಲೆಗಳನ್ನು ವಾಷಿಂಗ್ಟನ್ ಪೋಸ್ಟ್ ಕೋರ್ಟಿನಲ್ಲಿ ಹೋರಾಡಿ ಹೊರಗೆ ತಂದಿತ್ತು. ಬೇರೆ ಕಾಲವಾಗಿದ್ದರೆ ದೇಶ ಹೊತ್ತಿ ಉರಿಯಬೇಕಿತ್ತು. ನನ್ನ ಆಫೀಸಿನಲ್ಲಿ ಒಬ್ಬರೂ ಅದರ ಮಾತೆತ್ತಿದ್ದು ನಾನು ಕೇಳಲಿಲ್ಲ.

ಇನ್ನು 2021ಕ್ಕೆ ಬರೋಣ. ಸೈನ್ಯ ವಾಪಸ್ ಕರೆಸುವ ಒಪ್ಪಂದ ಮಾಡಿದ್ದು ಟ್ರಂಪ್ ಸರ್ಕಾರ, 2020ರ ಫೆಬ್ರುವರಿ 29ರಂದು ದೋಹಾದಲ್ಲಿ, ತಾಲಿಬಾನ್ ಜೊತೆ. ಜಾರಿ ಮಾಡಿದ್ದು ಬೈಡನ್. 2021ರ ಏಪ್ರಿಲ್‌ನಲ್ಲಿ ಅವರು ಸೈನ್ಯ ವಾಪಸ್ ಕರೆಸುತ್ತೇನೆ ಅಂದಾಗ ಮಾರ್ನಿಂಗ್ ಕನ್ಸಲ್ಟ್ ಸಮೀಕ್ಷೆಯಲ್ಲಿ ಶೇ 69 ಜನ ಸರಿ ಅಂದರು. ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಬಿತ್ತು. ವಿಮಾನದ ಹಿಂದೆ ಓಡುವ ಜನರನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಅದೇ ಸಮೀಕ್ಷೆ ಶೇ 49ಕ್ಕೆ ಇಳಿಯಿತು. ಆಗಸ್ಟ್ 26ರಂದು ವಿಮಾನ ನಿಲ್ದಾಣದ ಅಬ್ಬಿ ಗೇಟ್ ಹತ್ತಿರ ಬಾಂಬ್ ಸಿಡಿದು 13 ಅಮೆರಿಕನ್ ಸೈನಿಕರು, ಸುಮಾರು 170 ಅಫ್ಘನ್ನರು ಸತ್ತರು. ಆಗಸ್ಟ್ 30ರ ನಡುರಾತ್ರಿಗೆ ಕೊನೆಯ ವಿಮಾನ ಹಾರಿತು.

ಆದರೂ ಆ ಕೊನೆಯ ವಾರದಲ್ಲಿ ಪ್ಯೂ ಕೇಳಿದಾಗ ಸೈನ್ಯ ವಾಪಸ್ ಕರೆಸಿದ್ದು ಸರಿ ಅಂದವರು ಶೇ 54, ತಪ್ಪು ಅಂದವರು ಶೇ 42. ಸರ್ಕಾರ ಅದನ್ನು ಚೆನ್ನಾಗಿ ನಿಭಾಯಿಸಿತು ಅಂದವರು ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಮೆರಿಕ ತನ್ನ ಗುರಿ ಮುಟ್ಟಲಿಲ್ಲ ಅಂದವರು ಶೇ 69. ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಎಬಿಸಿ ಮತ್ತು ವಾಷಿಂಗ್ಟನ್ ಪೋಸ್ಟ್ ಬೇರೆ ರೀತಿ ಕೇಳಿದವು: ವಾಪಸ್ ಕರೆಸಿದ್ದಕ್ಕೆ ನಿಮ್ಮ ಬೆಂಬಲ ಇದೆಯಾ, ಇದ್ದರೆ ಮಾಡಿದ ರೀತಿಗೂ ಇದೆಯಾ ಅಂತ. ಆಗ ನಿರ್ಧಾರಕ್ಕೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೆಂಬಲ ಬಂತು, ರೀತಿಗೆ ಮಾತ್ರ ಬೈಗುಳ. ರೀತಿಯ ಬಗ್ಗೆ ಬೈಯಲು ಜಾಗ ಕೊಟ್ಟರೆ ಜನ ನಿರ್ಧಾರವನ್ನು ಒಪ್ಪುತ್ತಾರೆ, ಜಾಗ ಇಲ್ಲದಿದ್ದರೆ ಆ ಸಿಟ್ಟೂ ನಿರ್ಧಾರದ ಮೇಲೇ ಬೀಳುತ್ತದೆ. ಹಾಗಾಗಿ "ನಿಲ್ಲಿಸಿದ್ದಕ್ಕೆ ಬೈದರು" ಅನ್ನುವುದು ಪೂರ್ತಿ ನಿಜ ಅಲ್ಲ. ಇಪ್ಪತ್ತು ವರ್ಷ ನೋಡದೆ ಇದ್ದದ್ದು ಎರಡು ವಾರ ದಿನವಿಡೀ ಕಣ್ಣಿಗೆ ಬಿತ್ತು, ಅದಕ್ಕೆ ಬೈದರು. ಬೈಡನ್ ಜನಪ್ರಿಯತೆ ಆಗ ಬಿದ್ದದ್ದು ಮತ್ತೆ ಮೇಲೇಳಲಿಲ್ಲ. ಇದರಲ್ಲಿ ಪಕ್ಷದ ಆಟವೂ ಸಾಕಷ್ಟಿತ್ತು. ದೋಹಾ ಒಪ್ಪಂದಕ್ಕೆ ಚಪ್ಪಾಳೆ ಹೊಡೆದವರೇ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಇದು ಅವಮಾನ ಅಂದರು. ಬಿಡಿ, ಅದನ್ನು ನಮ್ಮ ಊರಿನಲ್ಲೂ ನೋಡಿ ಬಂದವರೇ ಅಲ್ವಾ ನಾವು?

ನಮ್ಮ ಊರು ಅಂದಾಗ ಇನ್ನೊಂದು ನೆನಪಾಗುತ್ತದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ನೀವು ಹುಟ್ಟುವ ಮುಂಚಿನ ಮಾತು. 1987ರಲ್ಲಿ ನಮ್ಮ ಸೈನ್ಯವೂ ಶಾಂತಿಪಾಲನೆಗೆ ಅಂತ ಶ್ರೀಲಂಕಾಕ್ಕೆ ಹೋಗಿ 1990ರ ಮಾರ್ಚ್‌ವರೆಗೆ ಅಲ್ಲೇ ಸಿಕ್ಕಿಕೊಂಡಿತ್ತು. ಸುಮಾರು 1,200 ಸೈನಿಕರು ಸತ್ತರು. ವಾಪಸ್ ಬಂದವರನ್ನು ಬರಮಾಡಿಕೊಳ್ಳಲು ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲೇ ಇಲ್ಲ. ಆದ್ದರಿಂದ ಇಲ್ಲಿನವರನ್ನು ನೋಡಿ "ಎಂಥಾ ಜನ ಇವರು" ಅಂದುಕೊಳ್ಳುವ ಮೊದಲು ಇದೂ ನೆನಪಿರಲಿ.

ಈಗ ನಿಮ್ಮ ಪಕ್ಕದ ಮನೆಯವರು. ಫ್ರೀಮಾಂಟ್‌ನ ಸೆಂಟರ್‌ವಿಲ್ ಕಡೆಗೆ ಲಿಟಲ್ ಕಾಬೂಲ್ ಅಂತಲೇ ಹೆಸರು. 1979ರಲ್ಲಿ ಸೋವಿಯತ್ ಸೈನ್ಯ ಬಂದಾಗ ಊರು ಬಿಟ್ಟವರಿಂದ ಹಿಡಿದು ಮೊನ್ನೆ ಮೊನ್ನೆ ಬಂದವರವರೆಗೆ ಎಲ್ಲರೂ ಇಲ್ಲಿದ್ದಾರೆ. ಅವರೆಲ್ಲ ಒಂದೇ ಮಾತು ಹೇಳುತ್ತಾರೆ ಅಂದುಕೊಳ್ಳಬೇಡಿ. ಅಮೆರಿಕದ ಬಾಂಬಿಗೆ ನೆಂಟರನ್ನು ಕಳೆದುಕೊಂಡವರು ಒಂದು ಹೇಳುತ್ತಾರೆ, ತಾಲಿಬಾನ್‌ನಿಂದಾಗಿ ಮಗಳ ಶಾಲೆ ನಿಂತುಹೋದವರು ಇನ್ನೊಂದು. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರಿಗೆ ಸೈನ್ಯ ಹೋಯಿತು ಅನ್ನುವುದಕ್ಕಿಂತ ತಮ್ಮನ್ನು ಕೇಳದೆ ಹೋಯಿತು ಅನ್ನುವ ನೋವು ದೊಡ್ಡದು. ದೋಹಾ ಮಾತುಕತೆಯಲ್ಲಿ ಅಫ್ಘಾನ್ ಸರ್ಕಾರವೇ ಇರಲಿಲ್ಲ. ಆದರೂ ಆ ಸರ್ಕಾರ 5,000 ತಾಲಿಬಾನ್ ಕೈದಿಗಳನ್ನು ಬಿಡಬೇಕು ಅಂತ ಅದರಲ್ಲಿ ಬರೆದಿತ್ತು. ಇಲ್ಲಿನ ಲೆಕ್ಕದಲ್ಲಿ ಸತ್ತ ಅಮೆರಿಕನ್ ಸೈನಿಕರು ಸುಮಾರು 2,400. ಅಫ್ಘಾನ್ ಸೈನಿಕರು ಮತ್ತು ಪೊಲೀಸರು 66,000ದ ಹತ್ತಿರ. ಅಮೆರಿಕನ್ನರ ಸಮೀಕ್ಷೆಯಲ್ಲಿ ಅವರ ಮನೆಯವರನ್ನು ಯಾರು ಕೇಳುತ್ತಾರೆ?

2021ರಲ್ಲಿ ಸಿಬಿಎಸ್ ಸಮೀಕ್ಷೆಯಲ್ಲಿ ಶೇ 81 ಜನ, ಅಮೆರಿಕದ ಸೈನ್ಯದ ಜೊತೆ ಕೆಲಸ ಮಾಡಿದ ಅಫ್ಘನ್ನರನ್ನು ಇಲ್ಲಿಗೆ ಕರೆತರಬೇಕು ಅಂದಿದ್ದರು. 70,000ಕ್ಕೂ ಹೆಚ್ಚು ಜನ ಬಂದರು ಕೂಡ. 2025ರಲ್ಲಿ ಸರ್ಕಾರ ಅಫ್ಘನ್ನರನ್ನು ಗಡೀಪಾರಿನಿಂದ ಕಾಯುತ್ತಿದ್ದ ತಾತ್ಕಾಲಿಕ ರಕ್ಷಣೆಯನ್ನು ತೆಗೆದುಹಾಕಿತು. ಅದಕ್ಕೆ ಇಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ. ಹಾಗಾಗಿ ಪಕ್ಕದ ಮನೆಯವರನ್ನು "ನಿಮ್ಮ ವೀಸಾ ಏನು?" ಅಂತ ನಾವು ನಮ್ಮವರನ್ನು ಕೇಳುವ ಹಾಗೆ ಕೇಳಬೇಡಿ. ಚಹಾಕ್ಕೆ ಕರೆದರೆ ಹೋಗಿ. ಬೋಲಾನಿ ಅನ್ನುವ ಅವರ ರೊಟ್ಟಿ ಕೊಟ್ಟರೆ ತಿನ್ನಿ, ಒಳಗೆ ಆಲೂಗಡ್ಡೆ ಇಲ್ಲವೇ ಸೊಪ್ಪು ಇರುತ್ತದೆ, ಮಾಂಸ ಇದೆಯಾ ಅಂತ ಒಮ್ಮೆ ಕೇಳಿಕೊಂಡರೆ ಸಾಕು. ಹಿಂದಿ ಸಿನಿಮಾದ ಮಾತು ಅವರೇ ತೆಗೆಯುತ್ತಾರೆ. ಯುದ್ಧದ ಮಾತೂ ಅಷ್ಟೇ, ಅವರೇ ತೆಗೆಯಲಿ.

ಮ್ಯಾನೇಜರ್ ವಿಷಯ. 2019ರಲ್ಲಿ ಪ್ಯೂ ಮಾಜಿ ಸೈನಿಕರನ್ನೇ ಕೇಳಿತ್ತು. ಅಫ್ಘಾನಿಸ್ತಾನದ ಯುದ್ಧ ಮಾಡಿದ್ದು ಸಾರ್ಥಕ ಅಲ್ಲ ಅಂದವರು ಶೇ 58. ಸಾಮಾನ್ಯ ಜನರಲ್ಲಿ ಶೇ 59. ಮಿಲಿಟರಿಯವರೆಲ್ಲ ಯುದ್ಧದ ಪರ ಅನ್ನುವುದು ಸುಳ್ಳು. ಆದರೆ ಹೋಗಿ ಬಂದವರು ಅದು ವ್ಯರ್ಥ ಅಂದರೆ ಅದರ ತೂಕ ಬೇರೆ. ನೀವು ಸೋಫಾದಲ್ಲಿ ಕೂತು ಅದೇ ಮಾತು ಹೇಳಿದರೆ ಅವರಿಗೆ ಚುಚ್ಚುತ್ತದೆ. ಯಾರನ್ನಾದರೂ ಕೊಂದಿದ್ದೀರಾ ಅಂತ ಯಾವತ್ತೂ ಕೇಳಬೇಡಿ. ಎಲ್ಲಿದ್ದಿರಿ, ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಬಹುದು. ನವೆಂಬರ್ 11ರ ವೆಟರನ್ಸ್ ಡೇ ದಿನ ಒಂದು ಥ್ಯಾಂಕ್ಸ್ ಹೇಳಿದರೆ ಸಾಕು. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಬೇರೆ, ಅದು ಸತ್ತವರ ದಿನ. ರಜೆಯ ಖುಷಿಯಲ್ಲಿ ಅವರಿಗೆ "ಹ್ಯಾಪಿ ಮೆಮೋರಿಯಲ್ ಡೇ" ಅಂದುಬಿಡಬೇಡಿ. ನಮ್ಮವರು ಬಹಳ ಜನ ಅನ್ನುತ್ತಾರೆ.

ನೀವು ಅಭಿಪ್ರಾಯ ಹೇಳಲೇಬಾರದು ಅಂತಲ್ಲ. ಹೇಳಿ, ಆದರೆ ಗೊತ್ತಿರುವಷ್ಟು ಹೇಳಿ. ಎಚ್-1ಬಿ ಕೆಲಸದ ವೀಸಾದಲ್ಲಿರುವಾಗ ಓಟು ಹಾಕುವ ಹಾಗಿಲ್ಲ, ಚುನಾವಣೆಗೆ ಯಾವ ಅಭ್ಯರ್ಥಿಗೂ ದುಡ್ಡು ಕೊಡುವ ಹಾಗಿಲ್ಲ. ಇದನ್ನು ಸಲೀಸಾಗಿ ತೆಗೆದುಕೊಳ್ಳಬೇಡಿ.

ಕೊನೆಗೆ ಅಮ್ಮನ ಪ್ರಶ್ನೆ. ಡ್ರಾಫ್ಟ್ ಈಗ ಇಲ್ಲ. ಮತ್ತೆ ತರಬೇಕಾದರೆ ಸಂಸತ್ತು ಹೊಸ ಕಾನೂನು ಮಾಡಬೇಕು. ಆದರೆ ಸೆಲೆಕ್ಟಿವ್ ಸರ್ವಿಸ್ ಅಂತ ಒಂದು ಪಟ್ಟಿ ಇದೆ. 18ರಿಂದ 25 ವರ್ಷದ ಗಂಡಸರ ಹೆಸರು ಅದರಲ್ಲಿ ಇರಬೇಕು, ಗ್ರೀನ್ ಕಾರ್ಡ್ ಇರುವವರದ್ದೂ. ಎಚ್-1ಬಿ, ಓದಲು ಬರುವವರ ಎಫ್-1 ಥರದ ವೀಸಾ ಸರಿಯಾಗಿ ಚಾಲ್ತಿಯಲ್ಲಿರುವವರಿಗೆ ಇದು ಇಲ್ಲ. ನಿಮಗೆ 26 ದಾಟಿದೆ ಅಂದಿದ್ದೀರಿ, ಅಲ್ಲಿಗೆ ನಿಮ್ಮ ಮಟ್ಟಿಗೆ ಮುಗಿಯಿತು. ನಿಮ್ಮ ತಮ್ಮ ಓದಲು ಬಂದು, 26 ತುಂಬುವ ಮೊದಲೇ ಅವನಿಗೆ ಗ್ರೀನ್ ಕಾರ್ಡ್ ಸಿಕ್ಕರೆ ಮಾತ್ರ ಹೆಸರು ಇದೆಯಾ ಅಂತ ನೋಡಿಕೊಳ್ಳಲಿ. ಮುಂದೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವಾಗ ಕೇಳುತ್ತಾರೆ. ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಯಾರೂ ಬಂದೂಕು ಕೊಡುವುದಿಲ್ಲ ಅಂತ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ.