ಶೂಟಿಂಗ್‌ನಲ್ಲಿ ಕಿರುಕುಳ: ದೂರು ಎಲ್ಲಿಗೆ?

ಹಳೇ ಧಾರಾವಾಹಿಯ ಹೊಸ ಆವೃತ್ತಿಗೆ ತೀರ್ಥಹಳ್ಳಿಯಲ್ಲಿ ಶೂಟಿಂಗ್ ನಡೆದಾಗ ಜೂನಿಯರ್ ಆರ್ಟಿಸ್ಟ್ ಆಗಿದ್ದ ನಿಮ್ಮ ತಂಗಿಗೆ ಮ್ಯಾನೇಜರ್ ಲೈಂಗಿಕ ಕಿರುಕುಳ ಕೊಟ್ಟ, ಅದನ್ನ ಧಾರಾವಾಹಿಯ ಫ್ಯಾನ್ ಪೇಜಿಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ ಸಾರ್. ಅಲ್ಲಿ ‘ಹಳೇದೇ ಚೆನ್ನಾಗಿತ್ತು’ ಅನ್ನೋ ಜಗಳದಲ್ಲಿ ವಿಷಯ ಕೊಚ್ಚಿಹೋಗುತ್ತೆ. ಮೇಲಾಗಿ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರಿನ ವಿವರ, ಎರಡೂ ಕಡೆಯವರ ಗುರುತು ಬಯಲು ಮಾಡುವಂತಿಲ್ಲ.

ದಿನಗೂಲಿಯವರಿಗೂ ಕಾಯ್ದೆ ಅನ್ವಯ. 10 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ದೂರು ಅಲ್ಲಿಗೆ. ಅಷ್ಟು ಜನರಿಲ್ಲದಿದ್ದರೆ, ಅಥವಾ ಆರೋಪ ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಶಿವಮೊಗ್ಗದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಿ.

ಕೊನೆಯ ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು, 6 ಪ್ರತಿ, ಸಾಕ್ಷಿಗಳ ಹೆಸರು-ವಿಳಾಸ ಸಮೇತ. ಎಡವೋದು ದಿನಾಂಕದಲ್ಲೇ, ಅದಕ್ಕೆ ಪುರಾವೆಯಾಗಿ ಕಾಲ್‌ಶೀಟ್ ಮೆಸೇಜು, ಪೇಮೆಂಟ್ ವೋಚರ್ ಇವತ್ತೇ ಎತ್ತಿಟ್ಟುಕೊಳ್ಳಿ. ಯೂನಿಟ್ಟಿನ ವಾಟ್ಸಾಪ್ ಗ್ರೂಪಿಂದ ತಂಗಿಯನ್ನ ತೆಗೆದುಹಾಕೋದಕ್ಕೆ ಮುಂಚೆ.