ಕ್ಲಿಪ್ ಬೇಗ ತೆಗೆಸಲು ಕಂಪನ ಯಂತ್ರ ಬೇಕೇ?

ಮೇಡಂ, ಮಗಳ ಹಲ್ಲಿನ ಕ್ಲಿಪ್ ಬೇಗ ತೆಗೆಸಲು ದಿನಕ್ಕೆ 20 ನಿಮಿಷ ಕಚ್ಚಿಕೊಳ್ಳುವ ಕಂಪನ ಯಂತ್ರ ಕೊಳ್ಳಬಹುದೇ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ.

ಹಲ್ಲು ಸರಿಯಬೇಕಾದರೆ ಒತ್ತಡ ಬಿದ್ದ ಕಡೆ ಮೂಳೆ ಕರಗಬೇಕು, ಎಳೆತ ಇರುವ ಕಡೆ ಹೊಸದು ಕಟ್ಟಬೇಕು. ಕಂಪನದಿಂದ ಈ ಕೆಲಸ ಚುರುಕಾಗುತ್ತದೆ ಅನ್ನುವುದು ತಯಾರಕರ ವಾದ. ಇಂಥದ್ದೇ ಒಂದು ಯಂತ್ರವಾದ ಅಮೆರಿಕದ ಅಕ್ಸೆಲ್‌ಡೆಂಟ್ ಸೆಕೆಂಡಿಗೆ 30 ಸಲ ಕಂಪಿಸುತ್ತದೆ. ಬ್ರಿಟನ್ನಿನಲ್ಲಿ 81 ಮಂದಿಯ ಮೇಲೆ ಅದನ್ನು ಪರೀಕ್ಷಿಸಿದರು: ಕೆಲವರಿಗೆ ಅಸಲಿ ಯಂತ್ರ, ಕೆಲವರಿಗೆ ಕಂಪಿಸದ ನಕಲಿ, ಉಳಿದವರಿಗೆ ಬರೀ ಕ್ಲಿಪ್. 2015ರಲ್ಲಿ ಫಲಿತಾಂಶ ಬಂತು. ಹಲ್ಲು ಸಾಲಿಗೆ ಬರುವ ವೇಗದಲ್ಲಿ ವ್ಯತ್ಯಾಸವಿಲ್ಲ, ನೋವೂ ಕಮ್ಮಿಯಾಗಿರಲಿಲ್ಲ. ಅದೇ ವರ್ಷ ಟೆಕ್ಸಾಸಿನ 45 ಮಂದಿಯ ಅಧ್ಯಯನ ಲಾಭವಿದೆ ಎಂದಿತು, ನಿಜ. ಆದರೆ ಅದಕ್ಕೆ ಹಣ ಕೊಟ್ಟದ್ದು ತಯಾರಕ ಕಂಪನಿಯೇ. ನನಗೆ ಬ್ರಿಟನ್ನಿನದೇ ಹೆಚ್ಚು ನಂಬಿಕೆ.

ಡಾಕ್ಟರ್ ಕೊಟ್ಟ ರಬ್ಬರ್ ಬ್ಯಾಂಡನ್ನು ಹೇಳಿದಷ್ಟು ಹೊತ್ತು ಹಾಕಿಕೊಳ್ಳಲಿ, ತಿಂಗಳ ಭೇಟಿ ತಪ್ಪಿಸಬೇಡಿ. ಕೋಡುಬಳೆ, ಕಬ್ಬು ಕಡಿದು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತುಬಂದರೆ ಚಿಕಿತ್ಸೆ ವಾರಗಟ್ಟಲೆ ಹಿಂದೆ ಬೀಳುತ್ತದೆ. ಯಂತ್ರ ಕೊಳ್ಳಲೇಬೇಕು ಎಂದು ಯಾರಾದರೂ ಒತ್ತಾಯಿಸಿದರೆ, ಇನ್ನೊಬ್ಬ ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ತಜ್ಞರು) ಹತ್ತಿರ ಒಮ್ಮೆ ತೋರಿಸಿ.